ಮತಗಟ್ಟೆಯ ಚಿಲಕ

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ, ಭಾನುವಾರ. ಗಡಿಯಾರ ನೋಡಿ ಇದನ್ನು ಹೇಳುತ್ತಿಲ್ಲ. ನನ್ನ ಮೊಬೈಲಿನಲ್ಲಿ ಒಂದು ಅರ್ಜಿ ಅರ್ಧಕ್ಕೆ ನಿಂತಿದೆ. ಹದಿನೆಂಟು ತುಂಬಿದ ಒಬ್ಬ ಹುಡುಗಿಯ ಹೆಸರು, ತಂದೆಯ ಹೆಸರು, ಮನೆ ನಂಬರ್ ತುಂಬಿದ್ದೆ. ಫೋಟೊ ಹಾಕುವ ಜಾಗ ಖಾಲಿಯಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಕೊನೆಯ ಸಲ ಉಳಿಸಿದ ಸಮಯ. ಆ ಹುಡುಗಿಯ ಅರ್ಜಿಯನ್ನು ಆಮೇಲೆ ಹೊಸದಾಗಿ ತುಂಬಿ ಕಳಿಸಿದೆ, ಅವಳ ಹೆಸರು ಪಟ್ಟಿಗೂ ಬಂತು. ಈ ಅರ್ಧ ಅರ್ಜಿಯನ್ನು ಮಾತ್ರ ಅಳಿಸಿಲ್ಲ. ದಿನಕ್ಕೊಂದು ಸಲವಾದರೂ ತೆಗೆದು ನೋಡುತ್ತಿದ್ದೆ.

ನಾನು ನ್ಯಾಮತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಊರು ಸವಳಂಗದ ರಸ್ತೆಯಿಂದ ಸ್ವಲ್ಪ ಒಳಗಿದೆ, ಹೆಸರು ಬೇಡ. ಹುಟ್ಟಿದ್ದು ಜಗಳೂರಿನ ಕಡೆ. ಚನ್ನಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಬಿ.ಎ. ಮುಗಿಸಿದೆ. ಈಗ ನ್ಯಾಮತಿಯಲ್ಲಿ ಒಂದು ರೂಮು ಹಿಡಿದು ಒಬ್ಬಳೇ ಇದ್ದೇನೆ. ಪಂಚಾಯಿತಿ ಕೆಲಸದ ಜೊತೆಗೆ ನನ್ನನ್ನು ಬಿಎಲ್‌ಒ ಮಾಡಿದ್ದಾರೆ. ಅಂದರೆ ಒಂದು ಮತಗಟ್ಟೆಗೆ ಸೇರಿದ ಮನೆಗಳಿಗೆಲ್ಲ ಹೋಗಿ, ಯಾರಿಗೆ ಹದಿನೆಂಟು ತುಂಬಿತು, ಯಾರು ಮದುವೆಯಾಗಿ ಬಂದರು, ಯಾರು ಊರು ಬಿಟ್ಟರು, ಯಾರು ತೀರಿಕೊಂಡರು ಎಂದು ಕೇಳಿ ಮತದಾರರ ಪಟ್ಟಿಯನ್ನು ಸರಿಯಾಗಿ ಇಡುವವಳು. ಸೇರಿಸಲು ಫಾರಂ ಆರು, ತೆಗೆಯಲು ಏಳು, ತಿದ್ದಲು ಎಂಟು. ಹೊರಗಿನವರಿಗೆ ಇದು ಕಾಗದದ ಕೆಲಸ ಅನ್ನಿಸುತ್ತದೆ. ನಿಜವಾಗಿ ಇದು ನಡೆಯುವ ಕೆಲಸ.

ನಡೆಯುವಾಗ ನನ್ನ ಜೊತೆ ಬರುತ್ತಿದ್ದವರು ಪಂಚಾಯಿತಿಯ ನೀರುಗಂಟಿ. ಊರಿಗೆ ನೀರು ಬಿಡುವವರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಸದಾ ಒಂದು ಕೆಂಪು ಟವೆಲ್, ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ರಾಡು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಬಿಎಲ್‌ಒ ಜೊತೆ ಹೋಗಬೇಕೆಂದು ಅವರಿಗೆ ಯಾವ ಆದೇಶವೂ ಇರಲಿಲ್ಲ. ಬೆಳಗಿನ ನೀರು ಬಿಟ್ಟಾದ ಮೇಲೆ ಸುಮ್ಮನೆ ಬರುತ್ತಿದ್ದರು. ನನಗೆ ಕ್ರಮಸಂಖ್ಯೆ ಗೊತ್ತಿತ್ತು, ಅವರಿಗೆ ಜನ ಗೊತ್ತಿತ್ತು.

"ಮೇಡಂ, ಈ ಮನಿ ಇವತ್ತು ಬಿಡ್ರಿ," ಅನ್ನುವರು ಯಾವುದೋ ಬಾಗಿಲ ಮುಂದೆ.

"ಯಾಕಣ್ಣ?"

"ಗಂಡ ಹೆಂಡ್ತಿ ಮಾತು ಬಿಟ್ಟಾರೆ. ಯಾರನ್ನ ಕೇಳಿದ್ರೂ ಇನ್ನೊಬ್ರ ಹೆಸರು ತೆಗದು ಹಾಕ್ರಿ ಅಂತಾರೆ."

ನಾನು ನಗುತ್ತ ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನ ಚುಕ್ಕೆ ಇಟ್ಟು ಮುಂದಿನ ಮನೆಗೆ ಹೋಗುತ್ತಿದ್ದೆ. ನ್ಯಾಮತಿಯ ನನ್ನ ರೂಮಿನಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ದಿನದ ನಗು ಎಲ್ಲ ಆ ಓಣಿಗಳಲ್ಲೇ ಮುಗಿಯುತ್ತಿತ್ತು.

ನಮ್ಮ ಮತಗಟ್ಟೆ ಊರಿನ ಸರ್ಕಾರಿ ಶಾಲೆಯ ಒಂದನೇ ಕೋಣೆ. ಚುನಾವಣೆ ಹತ್ತಿರ ಬಂದಾಗ ಮತಗಟ್ಟೆಯನ್ನು ಪರಿಶೀಲಿಸಿ ಒಂದು ನಮೂನೆ ತುಂಬಬೇಕು. ಗಾಲಿ ಕುರ್ಚಿ ಹತ್ತುವ ಇಳಿಜಾರು ಇದೆಯೇ, ಕುಡಿಯುವ ನೀರು, ಕರೆಂಟು, ಶೌಚಾಲಯ, ಬಾಗಿಲು ಕಿಟಕಿ ಭದ್ರವೇ? ಎಲ್ಲದಕ್ಕೂ ಹೌದು ಬರೆದಿದ್ದೆ, ಸುಳ್ಳು ಬರೆದಿರಲಿಲ್ಲ. ಬಾಗಿಲಿನ ಚಿಲಕವನ್ನು ನಾನೇ ಎಳೆದು ನೋಡಿದ್ದೆ. ಹಳೆಯ ಕಾಲದ ದಪ್ಪ ಕಬ್ಬಿಣ, ಮೇಲಿನ ಚೌಕಟ್ಟಿನ ತೂತಿಗೆ ಗಟ್ಟಿಯಾಗಿ ಕೂರುತ್ತಿತ್ತು. ಕೊನೆಯಲ್ಲಿ ಷರಾ ಎಂದು ಒಂದು ಅಂಕಣ. ಅಲ್ಲಿ ಒಂದು ಗೆರೆ ಎಳೆದೆ.

ಶಾಲೆಯ ಅಂಗಳದಲ್ಲೇ ಪಂಚಾಯಿತಿಯ ನೀರಿನ ಟ್ಯಾಂಕ್ ಇದೆ. ಎತ್ತರದ ಕಂಬಗಳ ಮೇಲೆ ನಿಂತ ದೊಡ್ಡ ಟ್ಯಾಂಕ್. ಅದರ ತಳಕ್ಕೆ ಮೂರು ಹೆಜ್ಜೇನು ಹುಟ್ಟು ಜೋತು ಬಿದ್ದಿದ್ದವು. ಪ್ರತಿ ವರ್ಷ ಬರುತ್ತವಂತೆ. ಅವು ಬಂದ ವರ್ಷ ಊರಿಗೆ ಒಳ್ಳೆಯದು ಎಂದು ಜನ ಮುಟ್ಟುವುದಿಲ್ಲ. ಕೆಳಗೆ ಮಕ್ಕಳು ಆಡುತ್ತವೆ, ಇದುವರೆಗೆ ಯಾರಿಗೂ ಏನೂ ಆಗಿರಲಿಲ್ಲ. ಅಣ್ಣ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಲು ಅವುಗಳ ಪಕ್ಕದ ಏಣಿಯಲ್ಲೇ ಹತ್ತಿ ಇಳಿಯುತ್ತಿದ್ದರು.

"ಹೆದ್ರಿಕೆ ಆಗಲ್ಲೇನಣ್ಣ?"

"ಏನ್ ಹೆದ್ರಿಕೆ? ಕೆಳಗ ಆ ವಾಲ್ವ್ ಸೋರ್ತೈತಲ್ಲ, ಅಲ್ಲೇ ನೀರು ಕುಡಿಯಾಕೆ ಬರ್ತಾವೆ. ನಾ ಅವುಕ್ಕೂ ನೀರು ಬಿಡೋನಲ್ರೀ. ಗುರ್ತು ಐತೆ."

ಷರಾ ಅಂಕಣದಲ್ಲಿ ಅವುಗಳ ಬಗ್ಗೆ ಬರೆಯಬಹುದಿತ್ತು. ಹೊಳೆಯಲಿಲ್ಲ. ದಿನಾ ಕಾಣುವುದನ್ನು ವರದಿಯಲ್ಲಿ ಬರೆಯುವ ಅಭ್ಯಾಸ ನಮಗಿಲ್ಲ.

ಆ ಭಾನುವಾರ ಹೆಸರು ಸೇರಿಸುವ ವಿಶೇಷ ದಿನ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ, ಕರಡು ಪಟ್ಟಿ ಇಟ್ಟುಕೊಂಡು ಕೂತಿದ್ದೆ. ಬಾಗಿಲ ಪಕ್ಕದ ಎರಡು ಕಂಬಗಳ ನಡುವೆ, ತಪ್ಪದೆ ಮತ ಹಾಕಿ ಎಂದು ಬರೆದ ಫ್ಲೆಕ್ಸ್ ಕಟ್ಟಿದ್ದರು. ಹತ್ತಿಪ್ಪತ್ತು ಜನ ಬಂದು ಹೋಗುತ್ತಿದ್ದರು. ಚನ್ನಗಿರಿಯಿಂದ ಮದುವೆಯಾಗಿ ಬಂದ ಸೊಸೆಯೊಬ್ಬಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೆಸರು ವರ್ಗ ಮಾಡಿಸಲು ಕಾದಿದ್ದಳು.

ಹನ್ನೊಂದಕ್ಕೆ ಅಣ್ಣ ತಮ್ಮ ಟಿವಿಎಸ್ ಗಾಡಿಯ ಹಿಂದೆ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡು ಬಂದರು. ಎಂಬತ್ತರ ಮೇಲಿನ ಮುದುಕಿ, ಒಬ್ಬಳೇ ನಡೆಯಲಾರಳು. ಅವಳು ಬರಬೇಕಾಗಿ ಬಂದದ್ದು ನನ್ನ ತಪ್ಪಿನಿಂದ. ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ದರು. ಒಬ್ಬಳು ತೀರಿಕೊಂಡಳು, ನಾನು ಇನ್ನೊಬ್ಬಳ ಹೆಸರು ತೆಗೆದಿದ್ದೆ. ನೋಟಿಸ್ ಬೋರ್ಡಿನಲ್ಲಿ ಕರಡು ಪಟ್ಟಿ ಓದಿ ಅದನ್ನು ಕಂಡುಹಿಡಿದವರು ಅಣ್ಣನೇ.

ಅಜ್ಜಿ ಮೇಜಿನ ಮೇಲೆ ಕೈಯೂರಿ ನನ್ನ ಮುಖ ನೋಡಿದಳು. "ನಾ ಸತ್ತಿದ್ದು ನಂಗೇ ತಿಳೀಲಿಲ್ಲ ನೋಡವ್ವ. ತಿಥಿಗೆ ಏನ್ ಮಾಡಿದ್ರಿ, ಹೋಳಿಗೇನಾ?"

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ಸತ್ತೋರು ಸಾಲಿನಾಗೆ ನಿಂದ್ರಬಾರ್ದು ಅಜ್ಜಿ, ಆ ಕಡಿ ಕುಂದ್ರು," ಎಂದು ಅಣ್ಣ ಅವಳನ್ನು ಜಗಲಿಯ ತುದಿಯಲ್ಲಿ ಕೂರಿಸಿದರು.

ಅಷ್ಟರಲ್ಲಿ ಫೋನ್ ಬಂತು. ತಾಲ್ಲೂಕಿನಿಂದ ಸಾಹೇಬರು ನಮ್ಮ ಮತಗಟ್ಟೆ ನೋಡಲು ಹೊರಟಿದ್ದಾರಂತೆ, ಅರ್ಧ ಗಂಟೆಯಲ್ಲಿ ಬರುತ್ತಾರಂತೆ. ನಾನು ಅಂಗಳ ನೋಡಿದೆ. ಹೊಂಗೆ ಮರದ ಎಲೆ ಹಾಸಿಕೊಂಡಿತ್ತು.

"ಅಣ್ಣ, ಸಾಹೇಬ್ರು ಬರ್ತಾರಂತೆ. ಎಲೆ ಬಾಳ ಬಿದ್ದಾವೆ, ನೋಡಾಕೆ ಚೆನ್ನಾಗಿರಲ್ಲ."

ನಾನು ಹೇಳಿದ್ದು ಇಷ್ಟೇ. ಸುಡಿ ಎಂದು ಹೇಳಲಿಲ್ಲ. ಆದರೆ ನಮ್ಮ ಕಡೆ ಯಾರೂ ಗುಡಿಸಿ ಗುಡ್ಡೆ ಮಾಡಿ ಹಾಗೇ ಬಿಡುವುದಿಲ್ಲ. ಗುಡಿಸುವುದು ಅಂದರೆ ಕೊನೆಗೆ ಕಡ್ಡಿ ಗೀರುವುದು. ಜಗಳೂರಿನ ನಮ್ಮ ಮನೆ ಅಂಗಳದಲ್ಲೂ ಅವ್ವ ಹಾಗೇ ಮಾಡುತ್ತಾಳೆ. ನನಗದು ಗೊತ್ತಿತ್ತು. ಗಾಳಿಗೆ ಹಾರಬಾರದೆಂದು ಅಣ್ಣ ಎಲೆಯನ್ನೆಲ್ಲ ಟ್ಯಾಂಕಿನ ಕಂಬಗಳ ನಡುವೆ ತಳ್ಳಿದರು. ಅಲ್ಲೇ ಸೋರುವ ವಾಲ್ವ್. ಎಲೆ ಒದ್ದೆಯಾಗಿತ್ತು. ಬೆಂಕಿ ಕಾಣಲಿಲ್ಲ, ಬಿಳಿಯ ಹೊಗೆ ಮಾತ್ರ ನೇರವಾಗಿ ಮೇಲೆ ಹೋಯಿತು.

ನಾನು ಹದಿನೆಂಟು ತುಂಬಿದ ಆ ಹುಡುಗಿಯ ಫೋಟೊ ತೆಗೆಯಲು ಮೊಬೈಲ್ ಎತ್ತಿದ್ದೆ. ಪರದೆಯಲ್ಲಿ ಅವಳ ಮುಖ, ಹಿಂದೆ ಟ್ಯಾಂಕು. ಹಿಟ್ಟಿನ ಗಿರಣಿಯ ಬೆಲ್ಟು ತಿರುಗಲು ಶುರುವಾದ ಹಾಗೆ ಒಂದು ಸದ್ದು ಕೇಳಿತು. ಟ್ಯಾಂಕಿನ ತಳದಿಂದ ಕಪ್ಪಗಿನದೊಂದು, ಒದ್ದೆ ಬಟ್ಟೆ ಕೈ ಜಾರಿ ಬೀಳುವ ಹಾಗೆ, ಬಿತ್ತು. ನೆಲ ಮುಟ್ಟುವ ಮೊದಲೇ ಅದು ಹರಡಿಕೊಂಡಿತು.

ಯಾರು ಕೂಗಿದರೋ ಗೊತ್ತಿಲ್ಲ. ಜನ ದಿಕ್ಕಾಪಾಲಾದರು. ನಾನು ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಕೋಣೆಯೊಳಗೆ ಓಡಿದೆ. ಆ ಹೊತ್ತಿನಲ್ಲೂ ಪಟ್ಟಿ ಬಿಡಲಿಲ್ಲ ಎಂಬುದು ಈಗ ನೆನೆದರೆ ನನಗೇ ಅಸಹ್ಯ. ನನ್ನ ಹಿಂದೆ ಒಂದಷ್ಟು ಜನ ನುಗ್ಗಿದರು. ನಾನು ಬಾಗಿಲು ದೂಡಿ ಚಿಲಕ ಹಾಕಿದೆ. ಒಳಗೆ ನಾವು ಎಂಟು ಜನ, ಮತ್ತು ಆ ಕೂಸು. ಜೊತೆಗೆ ಬಂದಿದ್ದ ನಾಲ್ಕೈದು ಹುಳುವನ್ನು ಯಾರೋ ಚಪ್ಪಲಿಯಿಂದ ಹೊಡೆದರು. ಕಿಟಕಿ ಮುಚ್ಚಿದರು. ಕತ್ತಲಾಯಿತು.

ಆಗ ಬಾಗಿಲು ಬಡಿದ ಸದ್ದು. ಮೂರು ಸಲ. ಅಂಗೈಯಿಂದ ಬಡಿದದ್ದು.

"ಮೇಡಂ... ಅಜ್ಜಿ ಐತೆ ಇಲ್ಲಿ. ಬಾಗ್ಲು ತೆಗೀರಿ."

ಅಣ್ಣನ ದನಿ. ನನ್ನ ಕೈ ಚಿಲಕದ ಮೇಲೇ ಇತ್ತು.

"ತೆಗೀಬ್ಯಾಡ್ರೀ ಮೇಡಂ, ಕೂಸೈತೆ," ಎಂದು ಪಿಸುಗುಟ್ಟಿದಳು ಚನ್ನಗಿರಿಯ ಸೊಸೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುತ್ತಿದ್ದಳು.

ನಾನು ತೆಗೆಯಲಿಲ್ಲ. ಚಿಲಕ ತಾನಾಗಿ ಜಾರಬಾರದೆಂದು ಅದನ್ನು ಮೇಲಕ್ಕೆ ಒತ್ತಿ ಹಿಡಿದೆ.

ಬಾಗಿಲ ಪಕ್ಕದ ಕಿಟಕಿಯಲ್ಲಿ ಒಂದು ಸೀಳು ಇತ್ತು. ಆಮೇಲೆ ಅದರಲ್ಲಿ ನೋಡಿದೆ. ಅಣ್ಣ ಫ್ಲೆಕ್ಸ್ ಕಿತ್ತು ಎಳೆಯುತ್ತಿದ್ದರು. ಅವರ ಕುತ್ತಿಗೆ, ಕಿವಿ, ತೋಳು ಎಲ್ಲ ಕಪ್ಪಗೆ ಮಿಸುಕಾಡುತ್ತಿತ್ತು. ಅಜ್ಜಿಯನ್ನು ಮೆಟ್ಟಿಲ ಮೇಲೆ ಮುದುರಿ ಕೂರಿಸಿ, ಫ್ಲೆಕ್ಸನ್ನು ತಲೆಯಿಂದ ಪಾದದವರೆಗೆ ಮುಚ್ಚಿ, ಅಂಚುಗಳನ್ನು ಅವಳ ಕಾಲ ಕೆಳಗೆ ಸೇರಿಸಿದರು. ಹೊಲಿಗೆ ಹಾಕುವವರ ಹಾಗೆ ಒಂದೊಂದೇ ಅಂಚು. ನಂತರ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಶಾಲೆಯ ಹಿಂದಿನ ನೀರಿನ ಚಾನಲ್ಲಿನ ಕಡೆ ಓಡಿದರು. ಕಪ್ಪು ಮೋಡ ಅವರ ಹಿಂದೆ ಹೋಯಿತು.

ಎಷ್ಟು ಹೊತ್ತು ಒಳಗಿದ್ದೆವೋ ತಿಳಿಯದು. ಕಂಬಳಿ ಹೊದ್ದು ಬಂದ ನಾಲ್ಕು ಜನ ಹೊರಗಿನಿಂದ ಕೂಗಿದ ಮೇಲೆ ಚಿಲಕ ತೆಗೆದೆ. ಅಂಗೈಯಲ್ಲಿ ಕಬ್ಬಿಣದ ಗುರುತು ಮೂಡಿತ್ತು. ಅಜ್ಜಿಗೆ ನಾಲ್ಕೈದು ಕಡೆ ಕಚ್ಚಿತ್ತು, ಫ್ಲೆಕ್ಸಿನಿಂದ ಹೊರಬಂದು ಬೈಯುತ್ತಿದ್ದಳು. ಅಣ್ಣ ಚಾನಲ್ಲಿನಲ್ಲಿ ಕುತ್ತಿಗೆಯವರೆಗೆ ಮುಳುಗಿ, ಒದ್ದೆ ಟವೆಲ್ ಮುಖದ ಮೇಲೆ ಹಾಕಿಕೊಂಡು, ದಂಡೆಯ ಹುಲ್ಲು ಹಿಡಿದು ಕೂತಿದ್ದರು. ಎತ್ತಿದಾಗ ಮಾತಾಡಲಿಲ್ಲ. ಆಂಬುಲೆನ್ಸ್ ಅವರನ್ನು ಹೊನ್ನಾಳಿಗೆ ಒಯ್ದಿತು. ಓಡಿಹೋದ ಉಳಿದವರಿಗೂ ಅಲ್ಲಲ್ಲಿ ಕಚ್ಚಿತ್ತು, ಆದರೆ ಅಣ್ಣನಿಗೆ ಕಚ್ಚಿದ ಹಾಗೆ ಯಾರಿಗೂ ಇಲ್ಲ.

ಸಾಹೇಬರು ಆ ದಿನ ಬರಲಿಲ್ಲ. ದಾರಿಯಲ್ಲಿ ಬೇರೆ ಕೆಲಸಕ್ಕೆ ಕರೆ ಬಂದು ತಿರುಗಿ ಹೋಗಿದ್ದರಂತೆ.

ಮರುದಿನ ನಾನು ವರದಿ ಬರೆದೆ. ಎಲೆ ಸುಟ್ಟ ಹೊಗೆಯಿಂದ ಜೇನು ಎದ್ದದ್ದು, ಗುಡಿಸಲು ಹೇಳಿದವಳು ನಾನೇ ಎಂಬುದು, ಗಾಯಗೊಂಡವರ ವಿವರ. ಬಾಗಿಲಿನ ವಿಷಯ ಯಾರೂ ಕೇಳಲಿಲ್ಲ, ನಾನು ಬರೆಯಲಿಲ್ಲ.

"ನೀವೇನ್ ಮಾಡಾಕಾಗ್ತಿತ್ತು ಮೇಡಂ," ಎಂದರು ಪಿಡಿಒ. ಪಂಚಾಯಿತಿಗೆ ಬಂದವರೆಲ್ಲ ಅದನ್ನೇ ಅಂದರು. ನನ್ನ ಜೊತೆ ಒಳಗಿದ್ದ ಏಳು ಜನರೂ ಬಾಗಿಲಿನ ಮಾತು ಎತ್ತಲಿಲ್ಲ. ಚನ್ನಗಿರಿಯ ಸೊಸೆ ಎದುರಾದರೆ ನನ್ನ ಮುಖ ಬಿಟ್ಟು ಬ್ಯಾಗು ನೋಡುತ್ತಿದ್ದಳು. ಎಲ್ಲರೂ ನನ್ನನ್ನು ಕ್ಷಮಿಸಿದ್ದರು, ಯಾವುದಕ್ಕೆ ಕ್ಷಮಿಸಿದೆವು ಎಂದು ಮಾತ್ರ ಯಾರೂ ಹೇಳಲಿಲ್ಲ. ಆ ಅಜ್ಜಿ ಮಾತ್ರ ತನ್ನ ಮನೆಯ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಕತೆ ಹೇಳುತ್ತಿದ್ದಳು. ಒಂದು ದಿನ ನಾನು ಹಾದುಹೋಗುವಾಗ ಕೇಳಿಸಿತು: "ಬಾಗ್ಲು ಬಡಿದ್ವಿ ಕಣ್ರವ್ವ. ಒಳಗ ಯಾರೂ ಇರ್ಲಿಲ್ಲ."

ನಿದ್ರೆ ಕೆಟ್ಟಿತು. ಬಾರದೆ ಇರುತ್ತಿರಲಿಲ್ಲ, ಬಂದು, ಎಲ್ಲೋ ಮಧ್ಯದಲ್ಲಿ ಮೂರು ಬಡಿತ ಕೇಳಿ ಒಡೆಯುತ್ತಿತ್ತು. ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಹೊರಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಚಿಲಕ ತೆಗೆದು ಹಾಕುತ್ತಿದ್ದೆ. ಪಕ್ಕದ ಮನೆಯ ಮಿಕ್ಸಿ ಶುರುವಾದರೆ ಹೆಗಲು ತಾನಾಗಿ ಕುಗ್ಗುತ್ತಿತ್ತು. ಪಂಚಾಯಿತಿಯ ಪ್ರಿಂಟರ್ ಬಿಸಿಯಾಗಿ ಗುಂಯ್ಗುಡಲು ಹತ್ತಿದರೆ ಎದ್ದು ಹೊರಗೆ ಬಂದು ನಿಲ್ಲುತ್ತಿದ್ದೆ.

ಮೂರನೆಯ ದಿನ ಹೊನ್ನಾಳಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಎಳನೀರು, ಒಂದು ಪೊಟ್ಟಣ ಬ್ರೆಡ್ ತೆಗೆದುಕೊಂಡೆ. ಆಸ್ಪತ್ರೆಯಲ್ಲಿ ಕೇಳಿದರೆ, ಬೆಳಿಗ್ಗೆ ದಾವಣಗೆರೆಗೆ ಕಳಿಸಿದೆವು ಎಂದರು. ವಿಷ ಮೂತ್ರಪಿಂಡಕ್ಕೆ ಏರಿದೆಯಂತೆ. ಅದನ್ನು ಕೇಳಿ ಮೊದಲು ನನಗೆ ಆದದ್ದು ದುಃಖವಲ್ಲ. ಅವರ ಮುಖ ನೋಡಬೇಕಿಲ್ಲವಲ್ಲ ಎಂಬ ಸಮಾಧಾನ. ಅದು ಸಮಾಧಾನ ಎಂದು ತಿಳಿದಾಗ ಆಸ್ಪತ್ರೆಯಿಂದ ಹೊರಬಿದ್ದೆ. ತುಂಗಭದ್ರೆಯ ಸೇತುವೆಯ ಬಳಿ ಹೋಗಿ, ಎಳನೀರು ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ದಾವಣಗೆರೆಯ ಬಸ್ಸುಗಳು ಒಂದರ ಹಿಂದೆ ಒಂದು ಹೋದವು. ನಾನು ನ್ಯಾಮತಿಯ ಬಸ್ಸು ಹತ್ತಿದೆ.

ಆಮೇಲೆ ದಿನಾ ಸಂಜೆ ಅವರ ಹೆಂಡತಿಗೆ ಫೋನ್ ಮಾಡುತ್ತಿದ್ದೆ. "ಇವತ್ತು ರಕ್ತ ಶುದ್ಧ ಮಾಡೋ ಮಿಷನ್‌ಗೆ ಹಾಕಿದ್ರು ಮೇಡಂ. ಏನೂ ಹೇಳಾಕಾಗಲ್ಲ ಅಂತಾರೆ," ಎನ್ನುವರು. ಇನ್ನೊಂದು ದಿನ, "ಕಣ್ಣು ಬಿಟ್ರು, ನೀರು ಬಿಟ್ರಾ ಊರಿಗೆ ಅಂತ ಕೇಳಿದ್ರು ನೋಡ್ರಿ." ನಾನು ಅವರಿಗೂ ಏನೂ ಹೇಳಲಿಲ್ಲ. ಫೋನ್ ಇಡುವ ಮೊದಲು ಪ್ರತಿ ಸಲ, "ನೀವು ಫೋನ್ ಮಾಡ್ತೀರಲ್ಲ, ಅದೇ ದೊಡ್ಡದು ಮೇಡಂ," ಎನ್ನುತ್ತಿದ್ದರು.

ಎರಡು ದಿನ ರಜೆ ಹಾಕಿ ಜಗಳೂರಿಗೆ ಹೋದೆ. ಅವ್ವ ನನ್ನ ತಲೆಗೆ ಎಣ್ಣೆ ತಟ್ಟುತ್ತ, "ದೇವ್ರು ದೊಡ್ಡೋನು, ನಿಂಗೇನೂ ಆಗ್ಲಿಲ್ಲ," ಎಂದಳು. ಆ ಮಾತು ಕೇಳಿ ಅಲ್ಲಿಯೂ ಮಲಗಲಾಗಲಿಲ್ಲ. ಅವ್ವನಿಗೆ ಹೇಳಿದ್ದರೆ ಅವಳು ಬೇರೆ ಏನು ಅನ್ನುತ್ತಿದ್ದಳು? ಒಳ್ಳೇದೇ ಮಾಡಿದಿ ಎನ್ನುತ್ತಿದ್ದಳು. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಚುನಾವಣೆಯ ಕೆಲಸ ಯಾರಿಗೂ ಕಾಯುವುದಿಲ್ಲ. ಜೇನು ಕೀಳುವವರು ಬಂದು ಮೂರು ಹುಟ್ಟನ್ನೂ ತೆಗೆದರು. ಟ್ಯಾಂಕಿನ ತಳದಲ್ಲಿ ಮೂರು ಮಸುಕು ಕಲೆ ಉಳಿದವು. ಅಜ್ಜಿಯ ಹೆಸರನ್ನು ಮತ್ತೆ ಸೇರಿಸಿದೆ. ಅಂತಿಮ ಪಟ್ಟಿ ಬಂತು. ಮನೆಮನೆಗೆ ಮತದಾರರ ಚೀಟಿ ಹಂಚುವ ಕೆಲಸಕ್ಕೆ ಮೊದಲ ಸಲ ಒಬ್ಬಳೇ ಹೊರಟೆ. ಪಟ್ಟಿ ಕೈಯಲ್ಲಿದ್ದೂ ದಾರಿ ತಪ್ಪುತ್ತಿತ್ತು. ಬೇರೆಯಾದ ಅಣ್ಣತಮ್ಮಂದಿರ ಮನೆಗೆ ಒಂದೇ ನಂಬರ್, ಒಂದೇ ಮನೆಗೆ ಎರಡು ನಂಬರ್. ಹಿಂದೆ ಅಣ್ಣ ದೂರದಿಂದಲೇ ಗದ್ದ ಎತ್ತಿ ತೋರಿಸುತ್ತಿದ್ದ ಬಾಗಿಲುಗಳನ್ನು ಈಗ ಒಂದೊಂದಾಗಿ ಬಡಿಯಬೇಕಾಯಿತು. ಬಡಿಯುವಾಗ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯುತ್ತಿದ್ದೆ, ಅಂಗೈ ಬಳಸುತ್ತಿರಲಿಲ್ಲ. ಒಳಗಿನಿಂದ ಯಾರಾದರೂ "ಯಾರದು?" ಅಂದರೆ ಹೆಸರು ಹೇಳದೆ, ಚೀಟಿ ಎಂದಷ್ಟೇ ಅನ್ನುತ್ತಿದ್ದೆ.

ಹೊನ್ನಾಳಿಯಲ್ಲಿ ಮತಗಟ್ಟೆ ಸಿಬ್ಬಂದಿಗೆ ತರಬೇತಿ ನಡೆಯಿತು, ನಮ್ಮನ್ನೂ ಕರೆದಿದ್ದರು. ಹೇಳಿಕೊಡುವವರು ಕೊನೆಯ ನಿಯಮಕ್ಕೆ ಬಂದರು. ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಎಷ್ಟೇ ಜನ ಇರಲಿ, ಬಾಗಿಲು ಹಾಕಿ ಕಳಿಸುವ ಹಾಗಿಲ್ಲ. ಅಧಿಕಾರಿ ಹೊರಗೆ ಹೋಗಬೇಕು, ಸಾಲಿನ ತೀರಾ ಕೊನೆಯವರಿಂದ ಶುರುಮಾಡಿ ಒಬ್ಬೊಬ್ಬರಿಗೂ ಸಹಿ ಹಾಕಿದ ಚೀಟಿ ಕೊಡಬೇಕು. ಚೀಟಿ ಇದ್ದವರೆಲ್ಲರೂ ಒಳಗೆ ಬರಬೇಕು.

"ಹೊತ್ತಿಗೆ ಮುಂಚೆ ಬಂದೋರನ್ನ ಹೊರಗೇ ಉಳಿಸಬಾರ್ದು, ತಿಳೀತೇನ್ರೀ? ಏನಾದ್ರೂ ಡೌಟು?"

ಎಷ್ಟೋ ಸಲ ಕೇಳಿದ್ದ ನಿಯಮ. ಯಾರೋ ಆಕಳಿಸಿದರು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡೆ, ಇನ್ನೊಮ್ಮೆ ಬರೆದೆ.

ಮತದಾನಕ್ಕೆ ಒಂದು ವಾರ ಇರುವಾಗ ಅಣ್ಣ ಊರಿಗೆ ಬಂದರು. ಬದುಕಿದ್ದರು. ಇನ್ನು ಭಯವಿಲ್ಲ ಎಂದು ಡಾಕ್ಟರು ಕಳಿಸಿದ್ದರು. ಊರೆಲ್ಲ ಹೋಗಿ ನೋಡಿ ಬಂತು. ನಾನು ಹೋಗಲಿಲ್ಲ. ಅವರ ಓಣಿಯ ಚೀಟಿಗಳನ್ನೆಲ್ಲ ಹಂಚಿದೆ, ಅವರ ಮನೆಯ ಎರಡು ಚೀಟಿ ಮಾತ್ರ ಬ್ಯಾಗಿನಲ್ಲೇ ಉಳಿದವು. ನಾಳೆ ಕೊಟ್ಟರಾಯಿತು ಎಂದುಕೊಳ್ಳುತ್ತ ಆರು ದಿನ ಕಳೆದೆ.

ಮತದಾನದ ದಿನ ನನ್ನ ಮೇಜು ಶಾಲೆಯ ಗೇಟಿನ ಒಳಗೆ, ಶಾಮಿಯಾನದ ಕೆಳಗೆ. ಕ್ರಮಸಂಖ್ಯೆ ಹುಡುಕಿಕೊಡುವುದು ನನ್ನ ಕೆಲಸ. ಮಧ್ಯಾಹ್ನ ಜನ ತೆಳುವಾದಾಗ ಅವರು ಬಂದರು. ಅರ್ಧಕ್ಕೆ ಇಳಿದಿದ್ದರು. ಕಿವಿಯ ಮೇಲೆ, ಕೊರಳಲ್ಲಿ ಕಪ್ಪು ಚುಕ್ಕೆಗಳು. ಹೆಗಲ ಮೇಲೆ ಹೊಸ ಟವೆಲ್, ಕೈಯಲ್ಲಿ ರಾಡಿನ ಬದಲು ಕೋಲು. ಹೆಂಡತಿಯನ್ನು ಸಾಲಿಗೆ ಕಳಿಸಿ ನನ್ನ ಮುಂದಿನ ಕುರ್ಚಿಯಲ್ಲಿ ಕೂತರು.

"ಊರಿಗೆಲ್ಲ ಚೀಟಿ ಬಂತು, ನಮ್ಮ ಮನಿಗೆ ಬರ್ಲಿಲ್ಲ. ನಾನೂ ಸತ್ತೀನಿ ಅಂತ ತೆಗದು ಹಾಕೀರೇನು ಮೇಡಂ?"

ನಾನು ಬ್ಯಾಗಿನಿಂದ ಎರಡು ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅಂಚು ಮುದುರಿದ್ದವು. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು.

"ಚಿಲಕ ಹಿಡ್ಕೊಂಡಿದ್ದು ನಾನೇ ಅಣ್ಣ," ಎಂದೆ.

"ಗೊತ್ತೈತೆ. ಒಳಗ ಎಂಟು ಜನ ಇದ್ರು ಅಂತ ಆಸ್ಪತ್ರಿಯಾಗೆ ಮನಿಯಾಕಿ ಹೇಳಿದ್ಲು. ಕೀಲಿ ಚಿಲಕ ಎಲ್ಲ ನಿಮ್ದೇ ಅಲ್ವೇನ್ರೀ ಇಲ್ಲಿ." ಕೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡರು. "ತೆಗೀದಿದ್ದು ತಪ್ಪಲ್ಲ ಬಿಡ್ರಿ. ನಾನಾಗಿದ್ರೂ ತೆಗೀತಿರ್ಲಿಲ್ಲ. ಕೂಸಿತ್ತಂತಲ್ಲ. ಬೆಂಕಿ ಹಚ್ಚಿದೋನು ನಾನು, ನಿಮ್ಮನ್ನೇನ್ ಅನ್ಲಿ."

"ಅಜ್ಜಿನ ಉಳಿಸಿದ್ರಿ ನೀವು. ಹುಳ ಎಲ್ಲ ನಿಮ್ಮ ಹಿಂದೆ..."

"ಏ, ಉರಿ ತಡೀಲಿಲ್ಲ, ಓಡಿದೆ ಅಷ್ಟೇ. ಜನ ಏನೇನೋ ಕಟ್ಟಿ ಹೇಳ್ತಾರೆ." ಆಮೇಲೆ ಟ್ಯಾಂಕಿನ ಕಡೆ ನೋಡುತ್ತ ಹೇಳಿದರು: "ಆದ್ರೆ ಒಂದ್ ಮಾತು ಆಡಬೇಕಿತ್ತು ಮೇಡಂ ನೀವು. ಒಳಗಿಂದ, ಆಗಲ್ಲಣ್ಣ, ತೆಗಿಯಾಕಾಗಲ್ಲ ಅಂತ. ಒಂದೇ ಒಂದ್ ಮಾತು. ಯಾರೂ ಇಲ್ಲ ಅನ್ಕೊಂಡೆ. ಊರಾಗೇ ಯಾರೂ ಇಲ್ಲ ಅನ್ನಿಸಿಬಿಡ್ತು ನಂಗೆ."

ಮೇಲೆ ಬರೆಯುವಾಗ ನಾನು ಒಂದು ವಿಷಯ ಬಿಟ್ಟಿದ್ದೇನೆ. ಅವರು ಬಾಗಿಲು ಬಡಿದಾಗ, ನಾನು ಫೋಟೊ ತೆಗೆಯಲಿದ್ದ ಆ ಹುಡುಗಿ ಉತ್ತರ ಕೊಡಲು ಬಾಯಿ ತೆರೆದಿದ್ದಳು. ನಾನು ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದೆ. ಮಾತಾಡಿದರೆ ಒಳಗೆ ಇರುವವಳು ನಾನೆಂದು ಅಣ್ಣನಿಗೆ ತಿಳಿಯುತ್ತದಲ್ಲ. ಬಾಗಿಲು ಕೂಸಿಗಾಗಿ ತೆಗೆಯಲಿಲ್ಲ. ಮಾತಾಡದೆ ಇದ್ದದ್ದು ನನಗಾಗಿ.

ಅದನ್ನೂ ಹೇಳಿದೆ. ಪೂರ್ತಿ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಪರವಾಗಿಲ್ಲ ಎನ್ನಲಿಲ್ಲ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಕಣ್ಣು ಮಂಜು. ನಂಬರ್ ಎಷ್ಟೈತೆ ನೋಡ್ರಿ," ಎಂದರು. ನಾನು ಓದಿ ಹೇಳಿದೆ. ಅವರು ಕೋಲೂರಿ ಎದ್ದು ಸಾಲಿಗೆ ಹೋದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಅಜ್ಜಿ, "ಮುಂದ ಹೋಗಪ್ಪ, ನಾನು ಸತ್ತೋಳು, ನಂಗೇನ್ ಅವಸರ," ಎನ್ನುವುದು ಕೇಳಿಸಿತು.

ಐದು ಗಂಟೆಗೆ ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೂ ಮತಗಟ್ಟೆಯ ಅಧಿಕಾರಿ ನಿಯಮದಂತೆ ಹೊರಗೆ ಬಂದು ಗೇಟಿನವರೆಗೆ ನೋಡಿದರು. ಅವರು ಒಳಗೆ ಹೋದ ಮೇಲೆ ನಾನೂ ಗೇಟು ದಾಟಿ, ರಸ್ತೆಯ ಎರಡೂ ಕಡೆ ನೋಡಿ ಬಂದೆ.

ಆ ರಾತ್ರಿ ನಿದ್ರೆ ಬರಲಿಲ್ಲ, ಮರುದಿನವೂ ಇಲ್ಲ. ಮಂಗಳವಾರ ಪಂಚಾಯಿತಿಗೆ ಹೋಗಿ, ಹಿಂದಿನ ವರದಿಗೆ ಸೇರಿಸಬೇಕೆಂದು ಒಂದು ಹಾಳೆ ಬರೆದೆ. ಮತಗಟ್ಟೆಯ ಬಾಗಿಲು ಬಡಿದರೂ ನಾನು ತೆಗೆಯಲಿಲ್ಲ, ಒಳಗಿನಿಂದ ಉತ್ತರ ಕೊಡಲಿಲ್ಲ, ಕೊಡಹೊರಟವಳನ್ನು ತಡೆದೆ. ಪರಿಶೀಲನಾ ನಮೂನೆಯ ಪ್ರತಿಯಲ್ಲಿ, ಗೆರೆ ಎಳೆದಿದ್ದ ಷರಾ ಅಂಕಣದ ಪಕ್ಕದಲ್ಲಿ, ಟ್ಯಾಂಕಿನಲ್ಲಿ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತದೆ, ಎಲೆ ಸುಡಬಾರದು ಎಂದು ಬರೆದು ಸಹಿ ಹಾಕಿದೆ. ಪಿಡಿಒ ಎರಡನ್ನೂ ಓದಿದರು.

"ಇದನ್ನ ಯಾರು ಕೇಳಿದ್ರು ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ ಸರ್."

ಅವರು ಹಾಳೆಗೆ ತೂತು ಹೊಡೆದು ಫೈಲಿಗೆ ಪೋಣಿಸಿದರು.

ಬುಧವಾರ ಕಣ್ಣು ಬಿಟ್ಟಾಗ ರೂಮಿನಲ್ಲಿ ಬಿಸಿಲು ಬಿದ್ದಿತ್ತು. ಎಂಟು ದಾಟಿತ್ತು. ಒಮ್ಮೆಯೂ ಎಚ್ಚರವಾಗಿರಲಿಲ್ಲ. ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಹಾಲಿನ ಪಾಕೀಟು. ಎದುರು ಮನೆಯವರಿಗೆ ಹಾಲು ಕೊಟ್ಟು ಲೆಕ್ಕ ಹೇಳುತ್ತ ನಿಂತಿದ್ದ ಹಾಲಿನಾಕೆ ನನ್ನನ್ನು ಕಂಡು ತಿರುಗಿದಳು.

"ಎಷ್ಟು ಬಡಿದೆ ಮೇಡಂ ಬಾಗ್ಲು! ಒಳಗ ಇಲ್ಲೇನೋ ಅನ್ಕೊಂಡೆ."

"ಇದ್ದೆ," ಎಂದೆ.